ಮಂಕು ಜೋಡಿಯ ಹಬ್ಬ

ಖಗೋಳದ ಮೇಷ್ಟ್ರು ಲೆಹಾನಾ ಮಹಾ ಹಠಮಾರಿ. ಎಲ್ಲರಿಗೂ ಅವರು 'ನ್ತಾತೆ', ಅಪ್ಪ. ಶ್ವಾಸಕೋಶ ಕೈಕೊಟ್ಟು ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಮಲಗಿದ್ದರೂ ಬಂದವರ ಹತ್ತಿರವೆಲ್ಲ ಅದೇ ಮಂಕು ಜೋಡಿಯ ಮಾತು. ಎರಡು ನಕ್ಷತ್ರಗಳ ಸಂಸಾರ ಅದು. ಸತ್ತು ಮುದುಡಿದ ಒಂದು, ಸಂಗಾತಿಯ ಮೈಯಿಂದ ಅನಿಲ ಎಳೆದುಕೊಳ್ಳುತ್ತದೆ. ಬೀಳುವ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ. ಬೇರೆ ಜೋಡಿಗಳು ಧಗಧಗ ಉರಿದರೆ ಇದು ಉರಿದರೂ ಉರಿಯದ ಹಾಗೆ. ಅನಿಲ ಬೇಕಾದಷ್ಟಿದೆ, ಸತ್ತ ನಕ್ಷತ್ರದ ಕಾಂತಬಲವೇ ಅದನ್ನು ಆಚೆ ತಳ್ಳುತ್ತದೆ ಎಂದು ಉಳಿದವರ ವಾದ. ಲೆಹಾನಾ ಒಪ್ಪಲಿಲ್ಲ. ಸಂಗಾತಿಯೇ ಬಡಪಾಯಿ, ಜಲಜನಕವೆಲ್ಲ ಮುಗಿದ ಪುಟ್ಟ ತಿರುಳು, ಕೊಡಲು ಅದರ ಬಳಿ ಏನಿದೆ ಎಂದು ಜೀವಮಾನವಿಡೀ ಜಗಳವಾಡಿದ್ದರು.

ಎಷ್ಟೋ ವರ್ಷಕ್ಕೊಮ್ಮೆ ಅದು ತುಸು ಬೆಳಗಿದಾಗ ಸದರ್‌ಲ್ಯಾಂಡಿನ ದೊಡ್ಡ ದೂರದರ್ಶಕದಲ್ಲಿ ಬೆಳಕನ್ನು ಬಿಡಿಸಿ ನೋಡಿದರೆ ಜಲಜನಕ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಆದರೆ ಬೇರೆಯವರ ಸರದಿ ತಡೆದು ದೂರದರ್ಶಕ ತಿರುಗಿಸುವ ಹಕ್ಕು ಇವರ ಗುಂಪಿಗೆ ವರ್ಷಕ್ಕೆ ಒಂದೇ ಸಲ. ಅದನ್ನು ಬಳಸುವ ಹೊಣೆ ಶಿಷ್ಯೆ ಪುಲೆಂಗ್‌ಳದು.

ಸೋಮವಾರ ಬೆಳಿಗ್ಗೆ ಉಪಗ್ರಹದಿಂದ ಸುದ್ದಿ ಬಂತು, ಜೋಡಿ ಬೆಳಗಿದೆ ಎಂದು. ಪುಲೆಂಗ್ ಕೈ ಕಟ್ಟಿ ಕುಳಿತಳು. ಇನ್ನಷ್ಟು ಏರಲಿ, ಹೊಳಪು ಇಂತಿಷ್ಟು ಎಂಬ ಗೆರೆ ದಾಟಲಿ, ಆಮೇಲೆ ದೂರದರ್ಶಕ ಕೇಳಿದರಾಯಿತು. ಆತುರಪಟ್ಟು ಅವಕಾಶ ಹಾಳುಮಾಡಿಕೊಂಡವರನ್ನು ಖಗೋಳದ ಮಂದಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹಾಳು ಗೆರೆ! ಅದನ್ನು ಎಳೆದದ್ದೇ ಧಗಧಗ ಉರಿಯುವ ಜೋಡಿಗಳಿಗಾಗಿ. ಈ ಬಡ ಜೋಡಿಗೆ ಅಷ್ಟು ಬೆಳಕೇ ಹಬ್ಬ. ಗುರುವಾರದ ಹೊತ್ತಿಗೆ ಎಲ್ಲ ಆರಿಹೋಗಿತ್ತು.

ಮಧ್ಯಾಹ್ನ ಆಸ್ಪತ್ರೆಗೆ ಹೋದಳು. ಜಲಜನಕ ಇರಲಿಲ್ಲ, ನೀವೇ ಗೆದ್ದಿರಿ ಎಂದು ಸುಳ್ಳು ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

"ಕಾಯ್ತಾ ಕೂತೆ, ನ್ತಾತೆ. ಇನ್ನೂ ಏರುತ್ತೆ ಅಂದ್ಕೊಂಡೆ. ಆರಿಹೋಯ್ತು."

ಅವರು ಗೋಡೆಯ ಕಡೆ ತಿರುಗಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಅವಳಿಗೆ.

"ಮತ್ತೆ ಯಾವಾಗ ಬೆಳಗುತ್ತೆ?" ಎಂದರು ಕೊನೆಗೆ.

"ಹತ್ತು ವರ್ಷ ಆದ್ರೂ ಆಗ್ಬಹುದು."

"ಗೆರೆ ದಾಟೋ ತನಕ ಕಾಯಿ ಅಂತ ನಿಂಗೆ ಕಲಿಸಿದ್ದು ಯಾರು? ನಾನೇ ತಾನೆ, ದಡ್ಡ." ಉಸಿರು ಸಾಲದೆ ಮಾತು ನಿಲ್ಲಿಸಿ, ಅವಳ ಕೈ ಹಿಡಿದುಕೊಂಡರು. "ಆಗ ನೀನೇ ನೋಡು, ಮಗಳೇ. ಜಲಜನಕ ಕಂಡ್ರೆ ಲೆಹಾನಾ ಹೇಳಿದ್ದು ತಪ್ಪು ಅಂತಲೇ ಬರಿ. ಸತ್ತವನು, ಪಾಪ ಅಂತ ಬಿಟ್ಟುಬಿಡಬೇಡ."

ಪುಲೆಂಗ್ ಹೂಂ ಅಂದಳು. ಭಾನುವಾರ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೂ ಆ ವರ್ಷದ ಅವಕಾಶ ಹಾಗೇ ಉಳಿದಿತ್ತು. ದೂರದರ್ಶಕ ತಿರುಗಿಸಿ ನೋಡುವಂಥದ್ದು ಆಕಾಶದಲ್ಲಿ ಅವಳಿಗೆ ಬೇರೇನೂ ಬೇಕಿರಲಿಲ್ಲ.