ಹೆಸರಿನ ಕಲ್ಲು

ಇಮಾಮ್ ಸಾಬನ ಜನಾಜಾಕ್ಕೆ ನಾಲ್ವರು ಹೆಗಲು ಕೊಡುತ್ತಿದ್ದಂತೆ, ಹೆಂಡತಿ ಬೀಬಿಜಾನ್ ಬಾಗಿಲ ಪರದೆಯ ಹಿಂದಿನಿಂದ ಕೂಗಿದಳು.

“ನಿಲ್ರಿ! ಮಾಫಿ ಕೇಳೋದು ಬಾಕಿ ಐತೆ.”

ಸತ್ತವನ ತಪ್ಪುಗಳಿಗೆ ಮನೆಯವರು ಮಾಫಿ ಕೇಳಿದ ಮೇಲೇ ಹೆಣ ಎತ್ತುವುದು ಪದ್ಧತಿ. ಗಾರೆ ಕೆಲಸದ ಇಮಾಮ್ ಸಾಬ್ ಯಾರಿಗೇನು ತಪ್ಪು ಮಾಡಿದ್ದಾನು ಎಂದು ಮುಳಬಾಗಿಲಿನ ಜನ ಮುಖ ಮುಖ ನೋಡಿಕೊಂಡರು. ಪಾರ್ಕ್ ಕಮಿಟಿಯ ಪ್ರೆಸಿಡೆಂಟ್ ಸುಬ್ಬರಾಯಪ್ಪ, ನಾಲ್ಕು ಜನರೆದುರು ದೊಡ್ಡ ಮನುಷ್ಯ ಅನ್ನಿಸಿಕೊಳ್ಳಲು ಗುಲಾಬಿ ಹಾರ ಹಿಡಿದು ಮುಂದೆಯೇ ನಿಂತಿದ್ದ.

“ಪಾರ್ಕಿನ ಕುಂಟೆಗೆ ನೀರು ಬರದಂಗೆ ಮಾಡಿದ್ದು ನಮ್ಮನೆಯವರೇ,” ಎಂದಳು ಬೀಬಿಜಾನ್. “ಸಾಯೋಕ್ ಮುಂಚೆ ನಂಗೆ ಹೇಳಿದ್ರು.”

*

ಎಂಟು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯಲ್ಲಿ, ಆ ಕುಂಟೆಯ ಹೂಳು ತೆಗೆಸಿದವನೂ ಇಮಾಮ್ ಸಾಬನೇ. ಹೂಳನ್ನು ಗಾಡಿಗಟ್ಟಲೆ ಸುತ್ತಲ ತೋಟಗಳಿಗೆ ಹಂಚಿದ. ದಂಡೆಯಲ್ಲಿ, ಬೆಟ್ಟದ ನೀರು ತರುವ ಹಳೆಯ ಕಲ್ಲುಗಾಲುವೆಯ ಬಾಯಿ ಸಿಕ್ಕಿದಾಗ ಮಗುವಿನಂತೆ ಕುಣಿದಿದ್ದ.

“ತಳಕ್ಕೆ ಸಿಮೆಂಟ್ ಬೇಡ ಸ್ವಾಮಿ. ನೆಲ ನೀರು ಕುಡೀಲಿ, ಸುತ್ತಲ ಬಾವಿಗಳು ಬದುಕ್ತವೆ.”

“ನಂಗೇ ಬುದ್ಧಿ ಹೇಳ್ತೀಯೇನ್ಲಾ?” ಸುಬ್ಬರಾಯಪ್ಪ ಕೂಲಿಗಳೆದುರು ಚಪ್ಪಲಿಯಲ್ಲಿ ಹೊಡೆದ. “ಸಿಮೆಂಟ್ ಹಾಕು. ದಂಡೆಗೆ ನನ್ನ ಹೆಸರಿನ ಕಲ್ಲು ಕೂರಿಸು.”

ಕೂಲಿಗಳನ್ನು ಊಟಕ್ಕೆ ಕಳಿಸಿ, ಇಮಾಮ್ ಸಾಬ್ ಕಲ್ಲು ಕೂರಿಸಿದ. ಸರಿಯಾಗಿ ಕಾಲುವೆಯ ಬಾಯಿಗೇ. ಕಾಲುವೆ ಒಳಗೇ ಕುಸಿದುಹೋಯಿತು ಎಂದು ಊರಿಗೆ ಹೇಳಿದ. ನೀರೇ ಬಾರದ ಕುಂಟೆಗೆ ಸಿಮೆಂಟ್ ಹಾಕುವ ಮಾತೂ ಅಲ್ಲಿಗೇ ನಿಂತಿತು. ಆಮೇಲೆ ಪ್ರತಿ ಬೇಸಿಗೆ, ಪ್ರೆಸಿಡೆಂಟರು ಕುಂಟೆಗೆ ಗಾಡಿಯಲ್ಲಿ ನೀರು ಹೊಡೆಸಿ ನಗೆಪಾಟಲಾಗುವುದನ್ನು ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಂಡ. ಅದೇ ಬೇಸಿಗೆಗಳಲ್ಲಿ ಜೀವದ ಗೆಳೆಯ ದೊಡ್ಡಮುನಿಯಪ್ಪನ ಬಾವಿ ಬತ್ತಿತು, ತರಕಾರಿ ತೋಟ ಒಣಗಿತು. ಅದನ್ನೂ ನೋಡಿ ಸುಮ್ಮನಿದ್ದ. ಸೇಡು ಅಂಥದ್ದು.

*

ಚಪ್ಪಲಿಯೇಟಿನಿಂದ ಹೆಸರಿನ ಕಲ್ಲಿನವರೆಗೆ ಎಲ್ಲ ಹೇಳಿ ಮುಗಿಸಿ, ಬೀಬಿಜಾನ್ ಪರದೆಯ ಹಿಂದಿನಿಂದಲೇ ಬೇಡಿದಳು. “ಮುನಿಯಪ್ಪಣ್ಣ, ಮಾಫ್ ಮಾಡು. ಊರವರೆಲ್ಲ ಮಾಫ್ ಮಾಡ್ರಿ. ಸುಬ್ಬರಾಯಪ್ಪನೋರನ್ನ ಮಾತ್ರ ನಾನು ಕೇಳಲ್ಲ.”

ದೊಡ್ಡಮುನಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. “ನಂಗೊಂದು ಮಾತು ಹೇಳಬಾರದಿತ್ತೇನ್ಲಾ, ಇಮಾಮು?” ಎಂದು ಹೆಣವನ್ನೇ ಕೇಳಿದ. ಕಣ್ಣೊರೆಸಿಕೊಂಡು ಹೋಗಿ ತನ್ನ ಗಾಡಿಯಿಂದ ಹಾರೆ ತಂದ. ಸುಬ್ಬರಾಯಪ್ಪನ ಕೈಯಿಂದ ಹಾರ ಕಿತ್ತುಕೊಂಡು ಹಾರೆ ಕೊಟ್ಟ.

“ಮಾಫ್ ಮಾಡ್ತೀನಿ ಕಣಮ್ಮ. ಆದ್ರೆ ಆ ಕಲ್ಲು ಇವರೇ ಒಡೀಲಿ.”

“ನಾನಾ? ದೇವುಡಾ!” ಸುಬ್ಬರಾಯಪ್ಪ ಹಿಂದೆ ಸರಿದ. ಹಿಂದೆ ನಿಂತವರು ಜಾಗ ಬಿಡಲಿಲ್ಲ.

“ಮಾಡಿದ್ದುಣ್ಣೋ ಮಹರಾಯ,” ಎಂದರು ಯಾರೋ.

ಜನಾಜಾ ಪಾರ್ಕಿನವರೆಗೆ ಬಂದು ದಂಡೆಯ ಮೇಲೆ ನಿಂತಿತು. ಕೆಳಗೆ ಒಣ ಕುಂಟೆಯಲ್ಲಿ ಸುಬ್ಬರಾಯಪ್ಪ ಪಂಚೆ ಎತ್ತಿಕಟ್ಟಿ ಹಾರೆ ಬೀಸಿದ. ಅವನ ಹೆಸರಿನ ಮೊದಲ ಅಕ್ಷರ ಉದುರಿತು. ಹೊತ್ತವರು ಹೆಗಲು ಬದಲಿಸಿಕೊಂಡು ಅಲ್ಲೇ ನಿಂತರು.