ಮೈಗೇರದ ಕೋಟು

ನಾನು ಒಂದು ಉಣ್ಣೆಯ ಕೋಟು. ಲಿವರ್‌ಪೂಲಿನ ದರ್ಜಿಯೊಬ್ಬ ತನ್ನ ಅಳಿಯನಿಗೆಂದು ನನ್ನನ್ನು ಹೊಲಿದ. ಅಷ್ಟರಲ್ಲಿ ಯುದ್ಧ ಬಂತು, ಚಹಾಕ್ಕೆ ರೇಷನ್ ಬಂತು. ಇದ್ದಿನಬ್ಬನೆಂಬ ಹಡಗಿನವನೊಬ್ಬ ಒಂದು ಚೀಲ ಚಹಾಪುಡಿ ತೋರಿಸಿದ್ದೇ ತಡ, ದರ್ಜಿ ಅಳಿಯನನ್ನು ಮರೆತು ನನ್ನನ್ನು ಅವನಿಗೆ ಕೊಟ್ಟುಬಿಟ್ಟ. ಮನುಷ್ಯರ ಯೋಗ್ಯತೆ ನನಗೆ ಅಂದೇ ತಿಳಿಯಿತು.

ಈ ಇದ್ದಿನಬ್ಬ ಉಳ್ಳಾಲದವನು, ಸರಕಿನ ಹಡಗಿನ ಅಡುಗೆಯವನು. ಆ ಚಹಾ ಅವನದೂ ಅಲ್ಲ, ಖಲಾಸಿಗಳ ಲೋಟಕ್ಕೆ ನೀರು ಹೆಚ್ಚು ಸುರಿದು ಉಳಿಸಿದ್ದು. ಬಸ್ರಾದ ಖರ್ಜೂರ ಕೊಟ್ಟು ಸೋಪು, ಸೋಪು ಕೊಟ್ಟು ಸಿಗರೇಟು, ಹೀಗೆ ನಡೆದಿತ್ತು ಅವನ ಸಂಸಾರ. ಈ ನಾವಿಕ ವ್ಯಾಪಾರಿಗಳು ಬಟ್ಟೆ ಕೊಳ್ಳುವಾಗ ಕಾಲರ್ ಮೂಸುತ್ತಾರೆ. ಬೆವರಿನ ವಾಸನೆ ಬಂದರೆ ಬೆಲೆ ಅರ್ಧ. ನಾಯಿಗಳೂ ಅಷ್ಟು ಶ್ರದ್ಧೆಯಿಂದ ಮೂಸುವುದಿಲ್ಲ. ಹಾಗಾಗಿ ಇದ್ದಿನಬ್ಬ ನನ್ನನ್ನು ತೊಡಲೇ ಇಲ್ಲ. ಮೇಣಬಟ್ಟೆಯಲ್ಲಿ ಸುತ್ತಿಟ್ಟು, ತಾನು ಗಡಗಡ ನಡುಗುತ್ತಾ, ಮುಂದಿನ ಬಂದರಿನಲ್ಲಿ ನನ್ನ ಬದಲಿಗೆ ಹೊಲಿಗೆ ಯಂತ್ರ ಸಿಗುತ್ತದೆಂದು ಕೊಚ್ಚಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಟಾರ್ಪೆಡೊ ಬಡಿದು ಹಡಗು ಮುಳುಗಿತು. ಜೀವರಕ್ಷಕ ದೋಣಿಗೆ ಅವನು ನನ್ನನ್ನು ಅವುಚಿಕೊಂಡೇ ಹಾರಿದ. ಪಕ್ಕದಲ್ಲಿ ಅವನ ಊರಿನವನೇ ಆದ ಲಾದ್ರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ಬೆಂಕಿಯ ಮುಂದಿನಿಂದ ಬರೀ ಬನಿಯನ್ನಿನಲ್ಲಿ ಓಡಿ ಬಂದು ನೀರಿಗೆ ಬಿದ್ದು ನೆನೆದಿದ್ದ.

"ಆ ಕೋಟು ಸ್ವಲ್ಪ ಕೊಡು ಮಾರಾಯ," ಎಂದ.

"ಈಗ ಯಾವುದಾದ್ರೂ ಹಡಗು ಬರ್ತದೆ. ಒದ್ದೆ ಮೈಗೆ ಹಾಕಿದ್ರೆ ಇದು ಹಾಳಾಗ್ತದೆ," ಎಂದ ಇದ್ದಿನಬ್ಬ.

ಲಾದ್ರು ಮತ್ತೆ ಕೇಳಲಿಲ್ಲ. ಸಂಜೆಗೆ ಅವನ ನಡುಕ ನಿಂತಿತು. ಆಗ ನಮ್ಮ ಭೂಪ ಗಾಬರಿಬಿದ್ದು ಗಂಟು ಬಿಚ್ಚಿದ, ನನ್ನನ್ನು ಹೊದೆಸಿದ, ಅವನ ಅಂಗೈ ತಿಕ್ಕಿದ, ಅತ್ತ. ಮೂರ್ಖ! ಉಣ್ಣೆ ಶಾಖ ಹುಟ್ಟಿಸುವುದಿಲ್ಲ, ಮೈಯಲ್ಲಿ ಇದ್ದದ್ದನ್ನು ಕಾಯುತ್ತದೆ, ಅಷ್ಟೆ. ಕಾಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಬದುಕಿ ಊರಿಗೆ ಬಂದವನು ನನ್ನನ್ನು ಲಾದ್ರುವಿನ ತಾಯಿ ನತಾಲ್ ಬಾಯಿಗೆ ಒಪ್ಪಿಸಿದ. ಕೊನೆಗೆ ಅವನ ಮೈಮೇಲೆ ಇದೇ ಇತ್ತು ಎಂದ. ಸುಳ್ಳೇನಲ್ಲ.

"ನನ್ನ ಮಗನಿಗೆ ಚಳಿಯಾಗದ ಹಾಗೆ ನೋಡಿಕೊಂಡಿದ್ದೀ. ನಿನ್ನನ್ನು ಬರಿಗೈಲಿ ಕಳಿಸ್ಲಿಕ್ಕೆ ಆಗ್ತದಾ?" ಎಂದು ಆಕೆ ಮನೆಯಲ್ಲಿದ್ದ ಒಂದೇ ಕೋಳಿಯನ್ನು ಹಿಡಿದು ತಂದಳು. ಬೇಡವೆಂದರೆ ನಿಜ ಹೇಳಬೇಕಾಗುತ್ತಿತ್ತು. ತೆಗೆದುಕೊಂಡು ಹೋದ.

ಈಗ ನಾನು ಅವಳ ಪೆಟ್ಟಿಗೆಯಲ್ಲಿ ಮುದಿಯಾಗಿದ್ದೇನೆ. ನುಸಿ ತಿನ್ನುತ್ತಿದೆ, ತಿನ್ನಲಿ. ಹಬ್ಬಕ್ಕೊಮ್ಮೆ ಮುದುಕಿ ನನ್ನನ್ನು ಬಿಸಿಲಿಗೆ ಹಾಕಿ, ನೆರೆಯವರ ಮುಂದೆ ಇದ್ದಿನಬ್ಬನನ್ನು ಹೊಗಳುತ್ತಾಳೆ. ಕೇಳಿದರೆ ನನಗೆ ಹೇಸಿಗೆಯಾಗುತ್ತದೆ. ಆದರೆ ಬಾಯಿದ್ದರೂ ನಾನು ಹೇಳುತ್ತಿರಲಿಲ್ಲ. ಮಗ ಬೆಚ್ಚಗೆ ಸತ್ತನೆಂದು ಅವಳು ನಂಬಿದ್ದಾಳೆ.