ಹತ್ತೊಂಬತ್ತನೆಯ ಹೆಸರು

ತಗಡಿನ ಮೇಲೆ ಯಾವುದೋ ಹಕ್ಕಿ ನಡೆಯುತ್ತಿದೆಯೋ, ಬಿಸಿಲಿಗೆ ಹಿಗ್ಗಿದ ತಗಡೇ ಸಂಜೆಗೆ ಕುಗ್ಗುತ್ತ ಟಕಟಕ ಅನ್ನುತ್ತಿದೆಯೋ, ಯಾದಗಿರಿಯ ಬಿಸಿಲು ಇಳಿದರೂ ಈ ಶಹಾಬಾದಿ ಕಲ್ಲಿನ ನೆಲ ಅದನ್ನು ಬಿಟ್ಟುಕೊಡುವುದಿಲ್ಲ, ಪರಿಮಳಾಳ ಪಾದದಡಿ ಇನ್ನೂ ಬೆಚ್ಚಗಿದೆ — ದಾನಿಯೇಲ, ಎಂದು ಕರೆದಳು, ಪುಣೆಕ ಹೋಗ್ಯಾನ್ರಿ ಅಕ್ಕಾ, ಸೆಂಟ್ರಿಂಗ್ ಕೆಲಸಕ, ಪಕ್ಕದವನು ಹೇಳಿದ, ಹಾಗೇ ಹೇಳಬೇಕು, ಬಾರದವರ ಪರವಾಗಿ ಪಕ್ಕದವರು ಉತ್ತರ ಕೊಡಬೇಕು, ಸ್ಟೇಷನ್ ಹಿಂದಿನ ಓಣಿಯ ಈ ಚರ್ಚ್ ಹಾಲ್‌ನಲ್ಲಿ ಯುವಕರ ಕೂಟ ಶುರುವಾಗಿ ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ ಮೊದಲು ಹಾಜರಿ, ಆಮೇಲೆ ಪ್ರಾರ್ಥನೆ, ಯಾಕಂದರೆ ಪೊಲೀಸ್ ಠಾಣೆ ಬಿಟ್ಟರೆ ಈ ಮಕ್ಕಳ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕರೆಯುವವರು ಎಲ್ಲಿದ್ದಾರೆ. ಹಿಂದೊಮ್ಮೆ ರಂಗಂಪೇಟೆಯ ಮಾಸ್ತರ ಇವಳನ್ನು ಕನ್ಯೆ ನೋಡಲು ಬಂದದ್ದೂ ಭಾನುವಾರವೇ, ಅವಳು ಇಲ್ಲಿ ಹೆಸರು ಕರೆಯುತ್ತ ನಿಂತಿದ್ದಳು, ಅವ್ವ ಉಪ್ಪಿಟ್ಟು ಬಡಿಸಿ ಕಳಿಸಿದಳಂತೆ, ನಿನಗ ಇದs ಗಂಡ, ಇದs ಮಕ್ಕಳು, ಸಾಯಿ ಅಲ್ಲೇ ಅಂದಿದ್ದಳು, ಆಗಲಿ ಬೇ ಅಂದಿದ್ದಳು ಇವಳು — ಹದಿನಾಲ್ಕನೆಯ ಹೆಸರು, ಅದೀನ್ರಿ ಅಕ್ಕಾ, ಹದಿನೈದು, ಜ್ವರ ಬಂದಾವ್ರಿ. ಬಾಗಿಲ ಬಳಿ, ಕೈಯಿರುವ ಒಂದೇ ಒಂದು ಕುರ್ಚಿಯಲ್ಲಿ ಸಭೆಯ ಹಿರಿಯ ಸಮುವೇಲಪ್ಪ ಕಾಕಾ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾನೆ, ಎಣಿಸುತ್ತಿದ್ದಾನೆ, ಹತ್ತೊಂಬತ್ತು ಬರುವುದನ್ನು ಕಾಯುತ್ತಿದ್ದಾನೆ, ಮುಂಜಾನೆ ಆರಾಧನೆ ಮುಗಿದಾಗಲೇ ಹೇಳಿಯಾಗಿದೆ, ತಾಯಪ್ಪನ ಮಗ ಗುಡ್ಡು ಮೋಟರ್ ಸೈಕಲ್ ಕದ್ದು ಮೂರು ತಿಂಗಳು ಒಳಗಿದ್ದು ನಿನ್ನೆ ಬಿಡುಗಡಿ ಆಗಿ ಬಂದಾನ, ಹತ್ತೊಂಬತ್ತನೇದು ಅವನ ಹೆಸರು, ಹೊಡದು ಹಾಕು ಪರಿಮಳಾ, ಕರದಿ ಅಂದ್ರ ಈ ಹಾಲ್‌ನ ಚಾವಿ ಮೇಜಿನ ಮ್ಯಾಲ ಇಟ್ಟು ನಡಿ, ಇದೇನು ಸಭಾನೋ ಜೇಲಿನ ಹಿಂಬಾಗಿಲೋ, ಎರಡೂ ಹೌದ್ರಿ ಕಾಕಾ ಅಂದಿದ್ದಳು, ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಕಾಕಾನ ಕಿವಿ ಕೆಂಪಾಯಿತು. ಹೆಸರು ಹೊಡೆಯುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಒಮ್ಮೆ ಹೊಡೆದಿದ್ದಾಳೆ, ನಲವತ್ತು ಭಾನುವಾರ ತಪ್ಪಿದವರ ಹೆಸರಿಗೆ ಕೆಂಪು ಗೀಟು, ಅವಳೇ ಮಾಡಿದ ಕಾನೂನು, ಶಿಸ್ತು ಬೇಕಲ್ಲ, ಸುನೀಲಕುಮಾರ ಮುಂಬೈಗೆ ಹೋದ, ನಲವತ್ತಾಯಿತು, ಗೀಟು ಎಳೆದಳು ಸ್ಕೇಲು ಇಟ್ಟು ನೆಟ್ಟಗೆ, ನಲವತ್ತೊಂದನೆಯ ಭಾನುವಾರ ಬಂದುಬಿಟ್ಟ, ಎರಡನೆಯ ಸಾಲಿನಲ್ಲಿ ಕುಳಿತ, ತನ್ನ ಸರದಿ ಗೊತ್ತಿತ್ತು ಅವನಿಗೆ, ಹಿಂದಿನ ಹೆಸರು ಕರೆಯುತ್ತಲೇ ಕೈ ಏಳತೊಡಗಿತ್ತು, ಬೆರಳ ಸಂದಿಯಲ್ಲಿ ಸಿಮೆಂಟಿನ ಬಿಳಿ ಬಿರುಕು, ಅವಳು ಗೀಟು ದಾಟಿ ಮುಂದಿನ ಹೆಸರಿಗೆ ಹೋದಳು, ಕೈ ಎದೆಯ ಮಟ್ಟದಲ್ಲೇ ನಿಂತಿತು, ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ — ಒಂದು ಉಸಿರು ಎಳೆದುಕೊಂಡು ಕರೆಯಬಹುದಿತ್ತು, ಕರೆಯಲಿಲ್ಲ, ಕಾನೂನು ಕಾನೂನು ಅಂದುಕೊಂಡಳು, ಪ್ರಾರ್ಥನೆಗೆ ಕಣ್ಣು ಮುಚ್ಚಿ ತೆರೆದಾಗ ಆ ಜಾಗ ಖಾಲಿ, ಹೊರಗೆ ಚಪ್ಪಲಿಯೂ ಇಲ್ಲ, ಹನ್ನೊಂದು ವರ್ಷ ಆಯಿತು, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಸಗರದ ಜಾತ್ರೆಯಲ್ಲಿ, ರೈಲಿನ ಡಬ್ಬಿ ಡಬ್ಬಿಯಲ್ಲಿ ಹುಡುಕಿದ್ದಾಳೆ ಆ ಕೈಯನ್ನು. ಹದಿನೇಳು, ಅದೀನ್ರಿ. ಹದಿನೆಂಟು, ಸಂಘಮಿತ್ರಾ, ಅದೀನ್ರಿ ಅಕ್ಕಾ, ಕಣ್ಣಿಗಿ ಕಾಣವಲ್ಲೆನೇನು, ಮಕ್ಕಳು ನಕ್ಕರು, ಅವಳೂ ನಗಬೇಕು, ಆಗುತ್ತಿಲ್ಲ, ಸಮುವೇಲಪ್ಪ ಕಾಲು ಕೆಳಗಿಳಿಸಿದ, ಹೊರಗೆ ಚಪ್ಪಲಿಗಳ ಆಚೆ ಗೋಡೆಗೆ ಭುಜ ಕೊಟ್ಟು ಗುಡ್ಡು ನಿಂತಿದ್ದಾನೆ, ತಲೆ ಬೋಳಿಸಿದ್ದಾರೆ ಹುಡುಗನಿಗೆ, ಚಪ್ಪಲಿ ಬಿಟ್ಟಿಲ್ಲ, ಬಿಡಬೇಕೋ ಬೇಡವೋ ಅವನಿಗೇ ಗೊತ್ತಿಲ್ಲ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕ ಕಾಕಾ ಮುಂಜಾನೆಯೇ ಇಟ್ಟ ಕೆಂಪು ಪೆನ್ನು, ಸ್ಕೇಲನ್ನೂ ಮರೆತಿಲ್ಲ ಮಹಾರಾಯ — ಅವಳು ಸೆರಗಿನ ಗಂಟು ಬಿಚ್ಚಿದಳು, ಇಪ್ಪತ್ತಾರು ವರ್ಷ ಸೊಂಟಕ್ಕೆ ತಾಗಿಕೊಂಡಿದ್ದ ಚಾವಿ, ಇಷ್ಟೇನಾ ಇದರ ತೂಕ, ಮೇಜಿನ ಮೇಲೆ ಇಟ್ಟಳು, ಟಣ್ ಅಂತು, ತಗೋರಿ ಕಾಕಾ, ಹಾಲ್ ನಿಮ್ಮದು, ಹಾಜರಿ ನನ್ನದು, ಮುಂದಿನ ವಾರದಿಂದ ಹೊರಗ ಗಿಡದ ಬುಡಕ್ಕ ಕರೀತೀನಿ, ಪರಿಮಳಾ ಹುಚ್ಚು ಹಿಡದದೇನು ನಿನಗ ಅಂದ ಅವನು, ಅವಳು ಹೊರಗಿನ ಗೋಡೆಗೂ ಕೇಳುವಂತೆ ಕರೆದಳು, ತಾಯಪ್ಪನ ಮಗ ಗುಡ್ಡು, ಅವನ ಪರವಾಗಿ ಪಕ್ಕದವರೂ ಉತ್ತರ ಕೊಡಲಿಲ್ಲ, ಇನ್ನೊಮ್ಮೆ ಕರೆದಳು, ತಗಡು ಕೂಡ ಸುಮ್ಮನಾಯಿತು, ಮುಂದಿನ ಹೆಸರಿಗೆ ಹೋಗುವುದಿಲ್ಲ ಅವಳು, ಕತ್ತಲಾದರೂ ಹೋಗುವುದಿಲ್ಲ, ಬಾಗಿಲಿನ ಬೆಳಕಿನಲ್ಲಿ ಗುಡ್ಡುವಿನ ಬೋಳು ತಲೆ, ಒಂದು ಕೈ, ಎದೆಯ ಮಟ್ಟಕ್ಕೆ ಬಂದು, ನಿಂತ ಕೈ, ಮೇಲೂ ಹೋಗದೆ, ಕೆಳಗೂ ಇಳಿಯದೆ, ಕೈ —